ನಂಬರು ಹಾಕದ ಕಾಗದ

ನನ್ನ ಹೆಸರು ಹಲಗೆಯ ತುದಿಗೆ ಬಂದದ್ದು ಒಂದು ಬುಧವಾರ. ಆ ದಿನ ಕಚೇರಿಗೆ ಹತ್ತು ನಿಮಿಷ ತಡವಾಗಿತ್ತು. ಮೆಟ್ಟಿಲ ಬಳಿ ಕಸ ಗುಡಿಸುತ್ತಿದ್ದ ಹೊನ್ನಮ್ಮನವರು ನನ್ನನ್ನು ಕಂಡ ಕೂಡಲೇ ಪೊರಕೆಯನ್ನು ಗೋಡೆಗೆ ಒರಗಿಸಿ ಸೆರಗು ಸರಿಮಾಡಿಕೊಂಡರು. "ಮೇಡಮ್ಮೋರೆ, ಇವತ್ತು ನೀವಂತ್ರೀ" ಎಂದರು. ಏನು ನಾನು ಎಂದು ಕೇಳುವ ಮೊದಲೇ ಅರ್ಥವಾಯಿತು. ಒಳಗೆ ಹೋಗಿ ನೋಡಿದೆ. ಹಲಗೆಯ ಮೇಲೆ ಇಪ್ಪತ್ತೇಳು ಹೆಸರು. ಎಲ್ಲಕ್ಕಿಂತ ಮೇಲೆ, 'ದಾಕ್ಷಾಯಣಿ, ಟಪಾಲು'. ಅಲ್ಲಿಯವರೆಗೆ ನನ್ನ ಹೆಸರು ಹದಿನೆಂಟನೆಯ ಸಾಲು ದಾಟಿ ಮೇಲೆ ಹೋದದ್ದೇ ಇರಲಿಲ್ಲ.

ನಮ್ಮದು ನೀರು ಸರಬರಾಜು ಕಚೇರಿ. ಊರಿನ ಎಲ್ಲ ಕಚೇರಿಗಳಲ್ಲಿರುವಂತೆ ನಮ್ಮ ಬಾಗಿಲಲ್ಲೂ ಒಂದು ಹಲಗೆ ಇದೆ. ಬೆಳಿಗ್ಗೆ ಬೀಗ ತೆಗೆದಾಗ ಅದರ ಮೇಲಿನ ಹೆಸರುಗಳು ತಾವಾಗಿಯೇ ಹೊಸ ಸಾಲಿನಲ್ಲಿ ಕೂತಿರುತ್ತವೆ. ಆ ದಿನ ಯಾರಿಗೆ ಗೊತ್ತಿರುವ ಸಂಗತಿ ಕಚೇರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುತ್ತದೋ ಅವರ ಹೆಸರು ಮೇಲೆ. ದೊಡ್ಡ ಕೋಣೆ, ಮೊಹರು, ಸಹಿ ಎಲ್ಲ ಅಂದಿಗೆ ಅವರದು; ಸಂಜೆ ಐದೂವರೆಗೆ ಎಲ್ಲ ವಾಪಸ್ಸು. ಏಳು ವರ್ಷದಿಂದ ಹೀಗೇ ನಡೆದಿದೆ. ಅದಕ್ಕೂ ಮುಂಚೆ ಬೇರೆ ಊರುಗಳಂತೆ ನಮ್ಮಲ್ಲೂ ಒಬ್ಬರ ಮೇಲೊಬ್ಬರು ಸಾಹೇಬರಿದ್ದರು, ಅವರವರ ಕುರ್ಚಿ ಅವರವರಿಗೆ ಖಾಯಂ.

ಹೊಂದಿಕೊಳ್ಳಲು ಎರಡು ವರ್ಷ ಹಿಡಿಯಿತು. ಮೊದಲು ಹೋದದ್ದು ಏಕವಚನ. ಇವತ್ತು 'ಏನೋ, ಬಾರೋ' ಎಂದು ಕರೆದವರ ಮುಂದೆ ನಾಳೆ ಕೈಕಟ್ಟಿ ನಿಲ್ಲಬೇಕಾಗಿ ಬಂದಾಗ ಎಲ್ಲರೂ ಎಲ್ಲರಿಗೂ 'ರೀ' ಹಚ್ಚತೊಡಗಿದರು. ಆಮೇಲೆ ಕೋಣೆಗಳ ಬಾಗಿಲ ಮೇಲಿನ ಹುದ್ದೆಯ ಫಲಕಗಳನ್ನು ತೆಗೆದರು. ಮಾಲಿ ಮೈಲಾರಪ್ಪನವರು ಮೇಲೆ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕೊಳವೆಯೊಂದು ಕಟ್ಟಿಕೊಂಡಿತು. ಅದರೊಳಗೆ ನುಗ್ಗಿದ್ದು ಆಲದ ಬೇರು, ಅದನ್ನು ಎಲ್ಲಿ ಕಡಿದರೆ ಮರ ಬೀಳುವುದಿಲ್ಲ ಎಂದು ಅವರೊಬ್ಬರಿಗೇ ಗೊತ್ತಿತ್ತು. ಲೆಕ್ಕವಿಭಾಗದ ಒಬ್ಬರು ಮೇಲೆ ಬಂದ ದಿನ ಸಂಜೆ ಐದರವರೆಗೂ ಏನೂ ಆಗಲಿಲ್ಲ. ಅವರು ಆರು ಸಲ ಮುಖ ತೊಳೆದುಕೊಂಡರು. ಐದೂ ಕಾಲಿಗೆ ದಾಸ್ತಾನು ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡು ಇಬ್ಬರು ಸಿಕ್ಕಿಬಿದ್ದರು. ಆ ಚಿಲಕವನ್ನು ಹೊರಗಿನಿಂದ ಎತ್ತುವ ಉಪಾಯ ಈ ಲೆಕ್ಕದವರೊಬ್ಬರಿಗೇ ಗೊತ್ತಿತ್ತು. ಏನು ಬೇಕಾಗುತ್ತದೆ, ಯಾವಾಗ ಬೇಕಾಗುತ್ತದೆ ಎಂದು ಹಲಗೆ ಹೇಳುವುದಿಲ್ಲ. ಶುರುವಿನಲ್ಲಿ ಹೆಸರು ಮೇಲೆ ಬಂದವರು ಪೇಡೆ ಹಂಚುತ್ತಿದ್ದರು. ಈಗ ಯಾರೂ ಹಂಚುವುದಿಲ್ಲ.

ದೊಡ್ಡ ಕೋಣೆಯಲ್ಲಿ ಕೂತೆ. ಕುರ್ಚಿ ನನಗೆ ಎತ್ತರವಾಗಿ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ನನಗೆ ಏನು ಗೊತ್ತು? ಇಪ್ಪತ್ತೆರಡು ವರ್ಷದಿಂದ ಕಚೇರಿಗೆ ಬರುವ ಪ್ರತಿ ಕಾಗದಕ್ಕೂ ನಂಬರು ಹಾಕಿ, ವಿಷಯ ಬರೆದು, ಸಂಬಂಧಪಟ್ಟ ಮೇಜಿಗೆ ಕಳಿಸುವುದು ನನ್ನ ಕೆಲಸ. ಹೋಗುವ ಕಾಗದಕ್ಕೂ ಅಷ್ಟೇ. ನಲ್ಲಿಯ ವಾಷರು ಬದಲಿಸಲೂ ನನಗೆ ಬಾರದು. ಹಳೆಯ ಕಾಗದಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ ಹೋದೆ. ಯಾವುದೋ ಕೇಸಿನ ತಾರೀಖು ಇರಬಹುದೆ? ಯಾರದೋ ನಿವೃತ್ತಿಯ ಅರ್ಜಿ ಇರಬಹುದೆ? ಹಾಗಿದ್ದರೆ ಸಾಕಪ್ಪ ಎಂದು ಬೇಡಿಕೊಂಡೆ.

ಅಂದು ಎರಡನೆಯ ಸಾಲಿನಲ್ಲಿ ಇಂಜಿನಿಯರು ಇಮ್ತಿಯಾಜ್ ಇದ್ದರು. ಮೂವತ್ತನಾಲ್ಕು ವರ್ಷದ ಮನುಷ್ಯ, ಮಾತು ಜಾಸ್ತಿ, ಕೆಲಸವೂ ಜಾಸ್ತಿ. ಒಂಬತ್ತೂ ಮುಕ್ಕಾಲಿಗೆ ಒಂದು ವರದಿ ತಂದು ಮುಂದಿಟ್ಟರು. "ಮೇಡಂ, ಸಹಿ ಬೇಕಿತ್ತು. ಕೆಳಗಿನ ಟ್ಯಾಂಕಿನ ಹಳೇ ವಾಲ್ವ್ ತೆಗೆದು ಹೊಸದು ಹಾಕಿದ್ವಿ. ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ಇಡೀ ಲೈನ್ ಖಾಲಿ ಮಾಡಿದ್ವಿ ನೋಡ್ರಿ. ಈ ಲೈನ್ ಹಾಕಿದಾಗಿಂದ ಯಾರೂ ಒಮ್ಮೆನೂ ಖಾಲಿ ಮಾಡಿರಲಿಲ್ಲ." ಅವರ ದನಿಯಲ್ಲಿ ಹೆಮ್ಮೆ ಇತ್ತು. ನಾನು ಸಹಿ ಹಾಕಿದೆ. ಹಾಕುವಾಗ ಪೆನ್ನು ಒಂದು ಕ್ಷಣ ನಿಂತಿತು. ಏನೋ ನೆನಪಾಗಬೇಕಿತ್ತು, ಆಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಏನಾರ ಹೊಳೀತಾ ಮೇಡಂ?" ಎಂದರು. "ಇಲ್ರಿ" ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಹತ್ತೂ ಮುಕ್ಕಾಲಿಗೆ ಆಸ್ಪತ್ರೆಯಿಂದ ಫೋನು ಬಂತು. ಬಣ್ಣಗಾರರ ಓಣಿಯ ಒಂದೇ ಮನೆಯ ಎಂಟು ಜನ ವಾಂತಿ ಮಾಡಿಕೊಂಡು ಬಂದಿದ್ದಾರೆ, ಮನೆಯಲ್ಲಿ ನಾಮಕರಣವಂತೆ, ಬೆಳಿಗ್ಗೆ ತಿಂದದ್ದು ಕೆಟ್ಟಿರಬೇಕು, ಆದರೂ ನೀರನ್ನೊಮ್ಮೆ ನೋಡಿಬಿಡಿ ಎಂದು ಡಾಕ್ಟರು ಹೇಳಿದರು. ಫೋನು ಎತ್ತಿದ್ದು ಇಮ್ತಿಯಾಜ್. ನನಗೆ ಹೇಳುತ್ತ, "ಊಟದ್ದೇ ಇರಬೇಕು ಮೇಡಂ. ಹಿಂದಿನ ದಿನ ಮಾಡಿಟ್ಟ ಕೋಸಂಬರಿ, ಇಲ್ಲಾ ಪಾಯಸ. ಆದ್ರೂ ಒಬ್ಬರನ್ನ ಕಳಿಸಿ ಬಾಟಲಿಯಲ್ಲಿ ನೀರು ತರಿಸ್ತೀನಿ" ಎಂದರು.

ಬಣ್ಣಗಾರರ ಓಣಿ. ಖಾಲಿ ಮಾಡಿದ ಲೈನು. ಎರಡೂ ಮಾತು ಒಟ್ಟಿಗೆ ಕೂತ ಕೂಡಲೇ ನನ್ನ ಕಣ್ಣ ಮುಂದೆ ಒಂದು ಕಾಗದ ಬಂದು ನಿಂತಿತು. ರೂಲಿನ ಹಾಳೆ, ನೀಲಿ ಶಾಯಿ, ಓರೆಯಾದ ದೊಡ್ಡ ಅಕ್ಷರ. ಒಂಬತ್ತು ವರ್ಷದ ಹಿಂದಿನದು. ಲೈನ್‌ಮನ್ ಓಬಳೇಶ್ ಬರೆದದ್ದು.

ಆಗ ಈ ಹಲಗೆಯ ಪದ್ಧತಿ ಬಂದಿರಲಿಲ್ಲ. ಲೈನ್‌ಮನ್ ಬರೆದದ್ದು ಆರು ಮೇಜು ದಾಟಿ ದೊಡ್ಡ ಸಾಹೇಬರ ಹತ್ತಿರ ಹೋಗಬೇಕಿತ್ತು. ಮೊದಲ ಮೇಜು ನನ್ನದು. ನಾನು ಬಂದ ಕಾಗದವನ್ನೆಲ್ಲ ಓದುತ್ತಿದ್ದೆ, ಅದನ್ನೂ ಓದಿದೆ. ಬಣ್ಣಗಾರರ ಓಣಿಗೆ ಹೊಸದಾಗಿ ಹಾಕಿದ ಪೈಪು ನಕ್ಷೆಯಲ್ಲಿ ತೋರಿಸಿದಂತೆ ರಸ್ತೆಯ ಬದಿಯಲ್ಲಿ ಇಲ್ಲ. ಅಲ್ಲಿ ಬಂಡೆ ಸಿಕ್ಕಿತೆಂದು, ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿತ್ತಲಿನ ಗುಂಡಿಯೊಳಗಿಂದ ಹಾಯಿಸಿ ಮೇಲೆ ಮಣ್ಣು ಎಳೆದಿದ್ದಾರೆ. ಸುಮಾರು ಮೂವತ್ತು ಅಡಿ ಪೈಪು ಗುಂಡಿಯ ಬಣ್ಣದ ಕೊಳೆನೀರಿನಲ್ಲೇ ಮುಳುಗಿದೆ. ಪೈಪು ತುಂಬಿ ಹರಿಯುವಾಗ ಭಯವಿಲ್ಲ. ಎಂದಾದರೂ ಲೈನು ಖಾಲಿಯಾದರೆ ಕೀಲುಗಳ ಸಂದಿಯಿಂದ ಅದು ಗುಂಡಿಯ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಜನ ಅದನ್ನೇ ಕುಡಿಯುತ್ತಾರೆ. ಇಷ್ಟು ಬರೆದು ಕೆಳಗೆ 'ದಯಮಾಡಿ ತಾವು ಖುದ್ದಾಗಿ ಬಂದು ನೋಡಬೇಕು' ಎಂದು ಸಹಿ ಮಾಡಿದ್ದರು.

ಅದಕ್ಕೆ ನಂಬರು ಹಾಕುವ ಮೊದಲು ನಾನು ದೊಡ್ಡ ಸಾಹೇಬರಾದ ಚಿದಂಬರಯ್ಯನವರಿಗೆ ತೋರಿಸಿದೆ. ಯಾಕೆ ತೋರಿಸಿದೆ ಎಂದರೆ, ಇಂಥ ಕಾಗದ ಕೇಳದೇ ದಾಖಲು ಮಾಡಿದ್ದಕ್ಕೆ ಹಿಂದೊಮ್ಮೆ ಬೈಸಿಕೊಂಡಿದ್ದೆ. ಅವರು ಓದಿ, ಮಡಚಿ, ತಮ್ಮ ಡ್ರಾಯರಿನಲ್ಲಿ ಹಾಕಿಕೊಂಡರು. "ಇದು ಬಂದೇ ಇಲ್ಲಮ್ಮ" ಎಂದರು. ಓಬಳೇಶ್ ಮರುದಿನ ನನ್ನ ಕಿಟಕಿಗೆ ಬಂದು "ಅಕ್ಕಾರೆ, ನಂಬರು ಕೊಡ್ರಿ" ಎಂದು ಕೈಚಾಚಿದರು. "ನಾಳೆ ಬಾ" ಎಂದೆ. ಅವರು ಮರುದಿನ ಬಂದರು, ಅದರ ಮರುದಿನವೂ ಬಂದರು. ನಾಲ್ಕನೆಯ ದಿನ ನಾನು ತಲೆ ಎತ್ತದೆ, "ಯಾವ ಕಾಗದ? ನನ್ನ ಹತ್ತಿರ ಯಾವ ಕಾಗದನೂ ಬಂದಿಲ್ಲಪ್ಪ" ಎಂದೆ. ಅವರು ಆಮೇಲೆ ಕಿಟಕಿಗೆ ಬರಲಿಲ್ಲ. ಚಿದಂಬರಯ್ಯ ನಿವೃತ್ತರಾಗಿ ಊರು ಬಿಟ್ಟರು. ಓಬಳೇಶ್ ಮೂರು ವರ್ಷದ ಹಿಂದೆ ಜಾಂಡಿಸ್ ಆಗಿ ತೀರಿಕೊಂಡರು. ಹಾಗಾಗಿ ಆ ಮೂವತ್ತು ಅಡಿಯ ಸಂಗತಿ ಉಳಿದದ್ದು ಕಚೇರಿಯಲ್ಲಿ ನನ್ನೊಬ್ಬಳ ತಲೆಯಲ್ಲಿ.

ಇಷ್ಟೂ ನನಗೆ ಹತ್ತೂ ಮುಕ್ಕಾಲಿಗೆ ನೆನಪಾಯಿತು. ಇಮ್ತಿಯಾಜ್ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಬಾಯಿ ತೆರೆದಿದ್ದರೆ ಸಾಕಿತ್ತು. ನಾನು "ಆಯ್ತು, ಬಾಟಲಿ ತರಿಸ್ರಿ" ಎಂದೆ.

ಅಲ್ಲಿಂದ ಹನ್ನೆರಡೂವರೆವರೆಗೆ ನಾನು ನನಗೆ ಹೇಳಿಕೊಂಡ ಮಾತುಗಳು ಒಂದೆರಡಲ್ಲ. ಡಾಕ್ಟರೇ ಊಟದ್ದು ಎಂದಿದ್ದಾರಲ್ಲ. ಒಂದೇ ಮನೆಯವರಲ್ಲವೆ? ಒಂಬತ್ತು ವರ್ಷದಲ್ಲಿ ಆ ಗುಂಡಿ ಬತ್ತಿ ಹೋಗಿರಬಹುದು. ಓಬಳೇಶ್ ಹೇಳಿದ್ದು ತಪ್ಪೂ ಇರಬಹುದು, ಅವರೇನು ಇಂಜಿನಿಯರೆ? ಈಗ ಹೇಳಿದರೆ ಮೊದಲು ಕೇಳುವ ಪ್ರಶ್ನೆ, ಕಾಗದ ಎಲ್ಲಿ ಎಂದು. ಎರಡನೆಯದು, ನೀವು ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು. ನನಗೆ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ನನ್ನ ಮೇಜಿನಿಂದ ಒಂದೇ ಒಂದು ಕಾಗದ ಕಳೆದಿಲ್ಲ ಎಂದು ಕಚೇರಿಯಲ್ಲಿ ಹೆಸರಿತ್ತು; ಹೊಸದಾಗಿ ಸೇರಿದವರಿಗೆ ಅದನ್ನು ಹೇಳಿ ನನ್ನನ್ನು ತೋರಿಸುತ್ತಿದ್ದರು. ಬಾಟಲಿಯ ನೀರಿನ ಪರೀಕ್ಷೆ ಆಗಲಿ, ಅದರಲ್ಲಿ ಗೊತ್ತಾದರೆ ನಾನು ಹೇಳುವ ಪ್ರಮೇಯವೇ ಇಲ್ಲ ಎಂದುಕೊಂಡೆ. ಬಾಟಲಿ ಪ್ರಯೋಗಾಲಯಕ್ಕೆ ಹೋಗಿ ಫಲಿತಾಂಶ ಬರಲು ಮರುದಿನ ಮಧ್ಯಾಹ್ನವಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಫಲಿತಾಂಶದ ಕಾಗದಗಳಿಗೂ ನಂಬರು ಹಾಕುತ್ತಿದ್ದವಳು ನಾನೇ.

ಆ ಹೊತ್ತಿನಲ್ಲಿ ಜನ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಇಣುಕಿ ಹೋದರು. ಏನೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡಿ, ಇನ್ನೂ ಇಲ್ಲವೇನೋ ಎಂದು ಹಿಂದಿರುಗುತ್ತಿದ್ದರು. ಹೊನ್ನಮ್ಮನವರು ಹನ್ನೊಂದೂವರೆಗೆ ಚಹಾ ತಂದರು. ನಾನು ಕಪ್ಪು ಎತ್ತುವಾಗ ಚಹಾ ಮೇಜಿನ ಮೇಲೆ ಚೆಲ್ಲಿತು. ಅವರು ಸೆರಗಿನಿಂದ ಮೇಜು ಒರೆಸಿ, ಮೆಲ್ಲಗೆ, "ಗಾಬರಿ ಬ್ಯಾಡ್ರೀ. ನನಗೂ ಒಂದಿನ ಬಂದಿತ್ತು. ಗೊತ್ತಿದ್ದದ್ದು ತಂತಾನೇ ಬಾಯಿಗೆ ಬರ್ತೈತಿ" ಎಂದರು. ನಾನು ಅವರ ಕಣ್ಣು ತಪ್ಪಿಸಿ ಕಿಟಕಿಯ ಕಡೆ ತಿರುಗಿದೆ. ಮುಖ್ಯ ಲೈನು ಯಾವಾಗಲೂ ತುಂಬಿರುತ್ತದೆ, ತಿರುವಿನ ವಾಲ್ವ್ ತೆರೆದು ಬಣ್ಣಗಾರರ ಓಣಿಗೆ ಒಂಬತ್ತರಿಂದ ಒಂದು ಗಂಟೆವರೆಗೆ ನೀರು ಬಿಡುತ್ತಾರೆ. ಗೋಡೆಯ ಗಡಿಯಾರ ನೋಡಿದಾಗಲೆಲ್ಲ ಯಾರೋ ಕೊಡ ಒಯ್ದು ನಲ್ಲಿಯ ಕೆಳಗಿಡುತ್ತಿರುವುದು ಕಾಣುತ್ತಿತ್ತು. ಆದರೂ ಹೇಳಲಿಲ್ಲ.

ಹನ್ನೆರಡೂವರೆಗೆ ಮತ್ತೆ ಫೋನು. ಈ ಸಲ ಇಮ್ತಿಯಾಜ್ ಓಡುತ್ತ ಬಂದರು. "ಮೇಡಂ, ಊಟದ್ದಲ್ಲ. ನಲವತ್ತು ಜನ ಆದ್ರಂತೆ. ನಾಮಕರಣಕ್ಕೆ ಹೋಗದವರೂ ಇದ್ದಾರೆ, ಎಲ್ಲಾ ಅದೇ ಓಣಿಯವ್ರು. ಒಬ್ಬ ಅಜ್ಜಿಗೆ ಎಚ್ಚರ ಇಲ್ಲ. ಇಡೀ ಲೈನು ನಿಲ್ಲಿಸಿಬಿಡೋಣ, ಟ್ಯಾಂಕು ಪೂರಾ ಖಾಲಿ ಮಾಡೋಣ, ಸಹಿ ಹಾಕ್ರಿ" ಎಂದು ಕಾಗದ ನನ್ನ ಮುಂದೆ ಇಟ್ಟರು.

ಖಾಲಿ ಮಾಡಿದರೆ ಗುಂಡಿಯಲ್ಲಿ ಉಳಿದದ್ದೂ ಒಳಗೆ ಬರುತ್ತದೆ. ಪೆನ್ನು ಕೆಳಗಿಟ್ಟೆ.

"ಖಾಲಿ ಮಾಡಬ್ಯಾಡ್ರಿ," ಎಂದೆ. "ಖಾಲಿ ಮಾಡಿದ್ದಕ್ಕೇ ಹೀಗಾಗಿರೋದು."

ನಾನು ಎದ್ದು ನಿಂತು ಎಲ್ಲ ಹೇಳಿದೆ: ಬಂಡೆ, ಗುಂಡಿ, ಮೂವತ್ತು ಅಡಿ, ಕೀಲಿನ ಸಂದಿ. ಅವರು ನಕ್ಷೆ ಬಿಡಿಸಿ ಬೆರಳಿಟ್ಟರು. "ನಕ್ಷೆಯಲ್ಲಿ ರಸ್ತೆ ಪಕ್ಕನೇ ಐತಲ್ರೀ ಮೇಡಂ. ಇದಕ್ಕೆ ಕಾಗದ ಐತಾ?"

"ಇಲ್ಲ. ಓಬಳೇಶ್ ಬರೆದಿದ್ರು. ಅದಕ್ಕೆ ನಾನು ನಂಬರು ಹಾಕಲಿಲ್ಲ."

ಇಮ್ತಿಯಾಜ್ ನನ್ನನ್ನೊಮ್ಮೆ, ನಕ್ಷೆಯನ್ನೊಮ್ಮೆ ನೋಡಿದರು. ಬೇರೆ ಊರಿನ ಕಚೇರಿಯಾಗಿದ್ದರೆ ನಕ್ಷೆಯನ್ನೇ ನಂಬುತ್ತಿದ್ದರೋ ಏನೋ. ಅವರು ನಕ್ಷೆಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು, "ಹೇಳ್ರಿ, ಏನ್ ಮಾಡ್ಲಿ?" ಎಂದರು.

ಗುಂಡಿ ದಾಟಿದ ಮೇಲಿರುವ ಓಣಿಯ ತಿರುವಿನ ವಾಲ್ವ್ ಒಂದನ್ನೇ ಮುಚ್ಚಬೇಕು, ಮುಖ್ಯ ಲೈನು ತುಂಬಿಯೇ ಇರಬೇಕು. ಮೈಕು ಕಟ್ಟಿದ ಆಟೋ ಓಣಿಗೆ ಹೋಗಬೇಕು, ತುಂಬಿಟ್ಟ ನೀರನ್ನೆಲ್ಲ ಚೆಲ್ಲಲು ಹೇಳಬೇಕು. ಟ್ಯಾಂಕರುಗಳು ಹೋಗಬೇಕು. ಗುಂಡಿ ಅಗೆಯಬೇಕು. ಇಪ್ಪತ್ತು ನಿಮಿಷದಲ್ಲಿ ಕಚೇರಿ ಖಾಲಿಯಾಯಿತು. ಲೆಕ್ಕದವರು ಗುದ್ದಲಿ ಹಿಡಿದು ಹೋದರು, ಮೈಲಾರಪ್ಪನವರು ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗಿದರು, ಹೊನ್ನಮ್ಮನವರು ಮನೆಮನೆಗೆ ಹೋಗಿ ಕೊಡ ಬೋರಲು ಹಾಕಿಸಿದರು. ಯಾರು ಯಾರಿಗೆ ಹೇಳಬೇಕು ಎಂದು ಯಾರೂ ಕೇಳಲಿಲ್ಲ. ಮೂರು ಗಂಟೆಗೆ ಪೈಪು ಸಿಕ್ಕಿತು. ಓಬಳೇಶ್ ಬರೆದ ಜಾಗದಲ್ಲೇ ಇತ್ತು. ಗುಂಡಿ ಬತ್ತಿರಲಿಲ್ಲ, ಯಾರೋ ಈಗಲೂ ತಂದು ಸುರಿಯುತ್ತಿದ್ದ ಬಣ್ಣದ ನೀರು ಎಣ್ಣೆಯಂತೆ ಹೊಳೆಯುತ್ತಿತ್ತು.

ಸಂಜೆಯ ಹೊತ್ತಿಗೆ ಆಸ್ಪತ್ರೆ ಸೇರಿದವರು ಅರವತ್ತಮೂರು ಜನ. ಎಚ್ಚರ ತಪ್ಪಿದ್ದ ಅಜ್ಜಿ ತೀರಿಕೊಂಡರು. ಉಳಿದವರು ಉಳಿದರು.

ಎಲ್ಲರೂ ಕೆಸರುಗಾಲಿನಲ್ಲೇ ದೊಡ್ಡ ಕೋಣೆಗೆ ಬಂದರು. "ನೀವಿಲ್ಲದಿದ್ರೆ ಇವತ್ತು ಊರೇ ಮಲಗ್ತಿತ್ತು" ಎಂದು ಯಾರೋ ಅಂದರು. ಒಬ್ಬರು ಕೈಮುಗಿದರು. ನಂಬರು ಹಾಕದ ಸಂಗತಿ ಎಲ್ಲರಿಗೂ ತಿಳಿದಿತ್ತು, ಆದರೆ ಅದು ಹಳೆಯ ಕಾಲದ ತಪ್ಪು, ಸಾಹೇಬರ ತಪ್ಪು, ಆಗೆಲ್ಲ ಹಾಗೇ ಇತ್ತು ಎಂದು ಅವರೇ ನನ್ನ ಪರವಾಗಿ ಹೇಳಿದರು. ಇಮ್ತಿಯಾಜ್ ವರದಿ ಬರೆಯಲು ಕೂತಿದ್ದರು. "ಮೇಡಂ, ಇದೊಂದು ಹೇಳ್ರಿ. ನಿಮಗೆ ನೆನಪಾಗಿದ್ದು ಎಷ್ಟು ಹೊತ್ತಿಗೆ?"

"ಹನ್ನೆರಡೂವರೆಗೆ" ಎಂದೆ.

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ಪೆನ್ನು ಈ ಸಲ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗದೆ ಆಸ್ಪತ್ರೆಗೆ ಹೋದೆ. ಯಾರೂ ಕಳಿಸಿರಲಿಲ್ಲ. ಕೈಯಲ್ಲಿ ಒಂದು ಹಾಳೆ ಇತ್ತು. ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗಿ, ನೀರಿನ ಕಚೇರಿಯವಳು ಎಂದು ಹೇಳಿ, "ನೀರು ಹಿಡಿದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ಒಂಬತ್ತೂ ಕಾಲು. ಒಂಬತ್ತೂವರೆ. ಹತ್ತು. ಒಂಬತ್ತು. ಬರೆದುಕೊಳ್ಳುತ್ತ ಹೋದಂತೆ ಎದೆ ಹಗುರವಾಗತೊಡಗಿತು. ಹತ್ತೂ ಮುಕ್ಕಾಲಿನ ಒಳಗೆ ನೀರು ಹಿಡಿದವರನ್ನು ನನ್ನಿಂದ ಉಳಿಸಲು ಆಗುತ್ತಿರಲಿಲ್ಲ. ಆಮೇಲೆ ಹನ್ನೊಂದು ಎಂದು ಒಬ್ಬರು ಅಂದರು. ಮತ್ತೊಬ್ಬರು ಹನ್ನೊಂದೂ ಮುಕ್ಕಾಲು. ಹೀಗೆ ಹತ್ತೂ ಮುಕ್ಕಾಲಿನ ಆಮೇಲೆ ನೀರು ಹಿಡಿದವರು ಹತ್ತೊಂಬತ್ತು ಜನ ಸಿಕ್ಕರು.

ಕೊನೆಯ ಮಂಚದಲ್ಲಿ ಸುಮಾರು ಮೂವತ್ತು ವರ್ಷದ ಹೆಂಗಸು ಸಲೈನು ಹಾಕಿಸಿಕೊಂಡು ಮಲಗಿದ್ದಳು. ಹೆಸರು ಚೌಡಮ್ಮ. ತೀರಿಕೊಂಡ ಅಜ್ಜಿಯ ಸೊಸೆ ಎಂದು ನರ್ಸು ಮೊದಲೇ ಹೇಳಿದ್ದರು. ನನಗೆ ಅವಳ ಮುಂದೆ ಆ ಪ್ರಶ್ನೆ ಕೇಳಲು ಆಗಲಿಲ್ಲ. ಅವಳೇ ನನ್ನ ಹಾಳೆ ನೋಡಿ, "ಎಲ್ಲರನ್ನೂ ಟೈಮು ಕೇಳ್ತಿದ್ರಲ್ಲ" ಎಂದಳು. "ನಾವು ಹಿಡಿದಿದ್ದು ಹನ್ನೊಂದೂ ಕಾಲಿಗೆ. ನಮ್ಮತ್ತೆ ಬಿಸಿಲಿನಿಂದ ಬಂದ್ರು, ಇರೋ ನೀರು ಹಳೇದು, ತಣ್ಣಗಿರೋದು ಹಿಡಿದುಕೊಡು ಅಂದ್ರು. ನಾನೇ ಹಿಡಿದುಕೊಟ್ಟೆ. ಎರಡು ಚೊಂಬು ಕುಡಿದ್ರು."

ನಾನು ಬರೆದುಕೊಳ್ಳಲಿಲ್ಲ.

"ಯಾಕ್ ಕೇಳ್ತಿದೀರಿ ಟೈಮು? ಏನಾರ ಪರಿಹಾರಕ್ಕಾ?"

ಹೂಂ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಪಕ್ಕದ ಮಂಚದವರು ಕೆಮ್ಮಿದರು. ಹೊರಗೆ ಟ್ಯಾಂಕರಿನ ಸದ್ದು ಕೇಳುತ್ತಿತ್ತು.

"ನನಗೆ ಗೊತ್ತಿತ್ತಮ್ಮ" ಎಂದೆ. "ನೀರು ಕೆಟ್ಟಿದೆ ಅಂತ ನನಗೆ ಹತ್ತೂ ಮುಕ್ಕಾಲಿಗೇ ಗೊತ್ತಾಗಿತ್ತು. ಹೆದರಿಕೊಂಡು ಹೇಳಲಿಲ್ಲ. ಹೇಳಿದ್ದು ಹನ್ನೆರಡೂವರೆಗೆ."

ಅವಳು ಬೈಯುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ. ಎರಡೂ ಮಾಡಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟುಕೊಂಡು, ಕಾಲು ಮಡಚಿ, ಮಂಚದ ತುದಿಯಲ್ಲಿ ಜಾಗ ಮಾಡಿದಳು.

"ಕೂತ್ಕಳ್ರಿ" ಎಂದಳು. "ನಮ್ಮನೆಯವ್ರು ಮಣ್ಣು ಮಾಡಾಕೆ ಹೋಗ್ಯಾರೆ. ಇನ್ನೇನ್ ಬರ್ತಾರೆ. ಅವ್ರ ತಾಯಿ ಅದು. ಅವ್ರ ಮುಂದೆ ಇನ್ನೊಂದ್ಸಲ ಹೇಳ್ರಿ."

ನಾನು ಕೂತೆ. ವಾರ್ಡಿನ ಬಾಗಿಲು ಪ್ರತಿ ಸಲ ತೆರೆದಾಗಲೂ ಎದ್ದು ನಿಲ್ಲುತ್ತಿದ್ದೆ.